ಕೋಲ್ಕಾ ಕಣಿವೆಯ ನೀರಿನ ಸರದಿ

ಪೆರು ದೇಶದ ಕೋಲ್ಕಾ ಕಣಿವೆಗೆ ಜಾಸ್ತಿ ಜನ ಹೋಗುವುದು ಕಾಂಡೋರ್ ಹಕ್ಕಿ ನೋಡುವುದಕ್ಕೆ. ಅರೆಕಿಪಾ ನಗರದಿಂದ ಬೆಳಗಿನ ಜಾವ ಮೂರಕ್ಕೆಲ್ಲ ವ್ಯಾನುಗಳು ಹೊರಡುತ್ತವೆ. ಸುಮಾರು 4,900 ಮೀಟರ್ ಎತ್ತರದ ಪಾತಾಪಂಪಾ ಘಾಟಿಯನ್ನು ಅರೆನಿದ್ದೆಯಲ್ಲೇ ದಾಟುತ್ತಾರೆ. ಕೋಕಾ ಎಲೆಯ ಕಷಾಯ ಕುಡಿದರೂ ತಲೆ ಧಿಮ್ ಅನ್ನುತ್ತಿರುತ್ತದೆ. ಎಂಟು ಒಂಬತ್ತರ ಹೊತ್ತಿಗೆ ಕಮರಿಯ ಅಂಚಿನಲ್ಲಿ ನಿಂತರೆ, ಬಿಸಿಲಿಗೆ ಗಾಳಿ ಮೇಲೇಳುತ್ತದೆ. ಅದರ ಜೊತೆಗೇ ಮೂರು ಮೀಟರ್ ಅಗಲದ ರೆಕ್ಕೆ ಚಾಚಿಕೊಂಡು ಕಾಂಡೋರ್‌ಗಳೂ ಏಳುತ್ತವೆ. ಫೋಟೊ, ವಿಡಿಯೊ, ಊಟ, ವಾಪಸ್. ಹಕ್ಕಿ ಭರ್ಜರಿಯಾಗಿಯೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಕಿಟಕಿಯಾಚೆ ಇನ್ನೊಂದು ಸಂಗತಿ ಇದೆ. ವ್ಯಾನಿನಲ್ಲಿ ಅರ್ಧ ಜನ ಅದನ್ನು ನಿದ್ದೆಯಲ್ಲಿ ಕಳೆದುಕೊಳ್ಳುತ್ತಾರೆ. ಬೆಟ್ಟದ ಬುಡದಿಂದ ನೆತ್ತಿಯ ಹತ್ತಿರದವರೆಗೂ ಕಲ್ಲು ಕಟ್ಟಿದ ಹೊಲಗಳು. ಸಾವಿರಾರು. ಒಂದರ ಮೇಲೊಂದು, ಬೆಟ್ಟ ಬಾಗಿದಲ್ಲಿ ಬಾಗಿ, ಉಬ್ಬಿದಲ್ಲಿ ಉಬ್ಬಿ.

ನಾನು ಹಕ್ಕಿ ನೋಡಿದ ಮೇಲೂ ಅಲ್ಲೇ ಉಳಿದೆ. ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಕಬಾನಕೊಂದೆ ಅನ್ನುವ ಊರು. ಮುಸುಕಿನ ಜೋಳಕ್ಕೆ ಹೆಸರಾದ ಊರು ಅದು. ಅಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ಕೋಣೆ ಸಿಕ್ಕಿತು. ಕಲ್ಲಿನ ಮೆಟ್ಟಿಲು ಹೊಲಗಳ ಬಗ್ಗೆ ತಿಳಿದುಕೊಳ್ಳೋಣ ಅಂತ ಇದ್ದವನಿಗೆ ಊರಲ್ಲಿ ಸಿಕ್ಕವರೆಲ್ಲ ಹೇಳಿದ್ದು ಕಲ್ಲಿನ ವಿಷಯವನ್ನಲ್ಲ. ನೀರು ಯಾವತ್ತು ಬರುತ್ತದೆ, ಯಾರು ಬಿಡುತ್ತಾರೆ, ಯಾರು ಕದ್ದರು, ಯಾರ ಸರದಿ ತಪ್ಪಿತು. ಇಡೀ ಊರಿನ ಮಾತು ಇದರ ಸುತ್ತಲೇ.

ಮೊದಲು ಜಾಗದ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಇದು ಅರೆಕಿಪಾ ಪ್ರದೇಶದ ಕಾಯ್ಯೋಮಾ ಪ್ರಾಂತ. ಒಳಗೆ 20 ಜಿಲ್ಲೆಗಳು. ಅವರ ಜಿಲ್ಲೆ ಅಂದರೆ ನಮ್ಮ ಹೋಬಳಿಯಂಥ ಸಣ್ಣ ಘಟಕ. ಪ್ರಾಂತದ ಮುಖ್ಯ ಊರು ಚಿವಾಯ್, ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಅದರ ಮೇಲೆಲ್ಲ ಪುನಾ, ಅಂದರೆ ಮರವೇ ಇಲ್ಲದ ಚಳಿಯ ಹುಲ್ಲುಗಾವಲು. ಅಲ್ಲಿ ಬೇಸಾಯ ಆಗುವುದಿಲ್ಲ. ಅಲ್ಪಾಕಾ, ಯಾಮಾ (ಲಾಮಾ) ಮೇಯಿಸುವವರು ಮಾತ್ರ ಇರುತ್ತಾರೆ. ಚಿವಾಯ್‌ನಿಂದ ಕೆಳಕ್ಕೆ ಕೋಲ್ಕಾ ನದಿಯ ಎರಡೂ ದಡದಲ್ಲಿ ಊರುಗಳು. ಎಡದಡದಲ್ಲಿ ಯಾಂಕೆ, ಅಚೋಮಾ, ಮಾಕಾ, ಪಿಂಚೊಯ್ಯೊ, ಕಬಾನಕೊಂದೆ. ಬಲದಡದಲ್ಲಿ ಕೊಪೊರಾಕೆ, ಇಚುಪಂಪಾ, ಲಾರಿ, ಮದ್ರಿಗಾಲ್. ಪ್ರತಿ ಊರಿಗೂ ಒಂದು ಚೌಕ, ಚೌಕಕ್ಕೊಂದು ದೊಡ್ಡ ಬಿಳಿ ಚರ್ಚು. ಕಬಾನಕೊಂದೆಯ ಹತ್ತಿರ ಕಣಿವೆ ಇದ್ದಕ್ಕಿದ್ದಂತೆ ಕಮರಿಯಾಗುತ್ತದೆ. ಜಗತ್ತಿನ ಅತಿ ಆಳದ ಕಮರಿಗಳಲ್ಲಿ ಇದೂ ಒಂದು. ಅಲ್ಲಿಂದ ಮುಂದೆ ನದಿಯ ಹೆಸರೂ ಬದಲಾಗುತ್ತಾ ಹೋಗುತ್ತದೆ. ಮೊದಲು ಮಾಹೆಸ್, ಆಮೇಲೆ ಕಮಾನಾ, ಕೊನೆಗೆ ಶಾಂತ ಸಾಗರ.

ತಮಾಷೆ ಏನು ಗೊತ್ತಾ? ಕಣಿವೆಗೆ ಹೆಸರು ಕೊಟ್ಟ ಈ ನದಿಯಿಂದ ಹಳೆಯ ಹೊಲಗಳಿಗೆ ಸಿಗುವ ನೀರು ತೀರಾ ಕಡಿಮೆ. ನದಿ ಆಳದಲ್ಲಿದೆ, ಹೊಲ ಮೇಲಿದೆ. ಕಬಾನಕೊಂದೆಯ ಅಂಚಿಗೆ ಬಂದು ಬಗ್ಗಿ ನೋಡಿದರೆ ನದಿ ಎಷ್ಟೋ ಕೆಳಗೆ, ಹಸಿರು ದಾರದಷ್ಟು ಸಣ್ಣಗೆ ಕಾಣುತ್ತದೆ. ಅದನ್ನು ಮೇಲೆತ್ತುವ ಮಾತೇ ಇಲ್ಲ. ಹೊಲಕ್ಕೆ ನೀರು ಬರಬೇಕಾದರೆ ಬೆಟ್ಟದ ನೆತ್ತಿಯಿಂದಲೇ ಬರಬೇಕು. ಹಿಮ ಕರಗಬೇಕು, ಊಟೆ ಒಸರಬೇಕು, ಅದನ್ನು ಕಾಲುವೆಯಲ್ಲಿ ಮೈಲಿಗಟ್ಟಲೆ ತರಬೇಕು. ಎಡದಡದ ದಕ್ಷಿಣಕ್ಕೆ ವಾಲ್ಕಾ ವಾಲ್ಕಾ, ಸಬಂಕಾಯಾ, ಅಂಪಾತೊ ಅನ್ನುವ ಮೂರು ಬೆಟ್ಟಗಳು. ಮೂರೂ 6,000 ಮೀಟರಿನ ಆಸುಪಾಸು. ಕಬಾನಕೊಂದೆಯ ಹಳೆಯ ನೀರೆಲ್ಲ ವಾಲ್ಕಾ ವಾಲ್ಕಾದ್ದು. ಬಲದಡದ ಉತ್ತರಕ್ಕೆ ಮಿಸ್ಮಿ. ಈ ಮಿಸ್ಮಿಯ ಸಮಾಚಾರವೇ ಬೇರೆ. ಅದರ ಒಂದು ಮಗ್ಗುಲಿನ ನೀರು ಕೋಲ್ಕಾ ಸೇರಿ ಶಾಂತ ಸಾಗರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಅಪುರಿಮಾಕ್ ಸೇರಿ, ಅಮೆಜಾನ್ ಆಗಿ, ಇಡೀ ಖಂಡ ದಾಟಿ ಅಟ್ಲಾಂಟಿಕ್‌ಗೆ ಹೋಗುತ್ತದೆ. ಅಮೆಜಾನ್ ಹುಟ್ಟುವುದೇ ಇಲ್ಲಿ ಅಂತ ಬಹಳ ವರ್ಷ ನಂಬಿದ್ದರು. ಈಗ ಅದರ ಬಗ್ಗೆ ಬೇರೆ ವಾದಗಳೂ ಇವೆ.

ಮಳೆ? ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು. ಅದೂ ಹೆಚ್ಚುಕಡಿಮೆ ಎಲ್ಲಾ ಡಿಸೆಂಬರಿನಿಂದ ಮಾರ್ಚ್ ಒಳಗೆ. ಆದರೆ ಜೋಳ ಹಾಕಬೇಕಾದದ್ದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ತಡವಾದರೆ ಪೈರು ಹಣ್ಣಾಗುವ ಮೊದಲೇ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹಾಕುತ್ತದೆ. ಹಾಗಾಗಿ ಮಳೆಗೆ ಕಾಯುವ ಹಾಗಿಲ್ಲ. ಒಣಗಿದ ನೆಲಕ್ಕೆ ಮೊದಲು ಕಾಲುವೆ ನೀರು ಕಟ್ಟಬೇಕು, ಹದ ಬಂದ ಮೇಲೆ ಉತ್ತು ಬಿತ್ತಬೇಕು, ಮಳೆ ಬರುವವರೆಗೂ ಆಗಾಗ ನೀರು ಕೊಟ್ಟು ಪೈರನ್ನು ಉಳಿಸಿಕೊಳ್ಳಬೇಕು.

ಆ ಮೊದಲ ನೀರು ಕಟ್ಟುವುದನ್ನು ಒಂದು ಬೆಳಗ್ಗೆ ಕುಳಿತು ನೋಡಿದೆ. ನಾನು ಉಳಿದಿದ್ದ ಮನೆಯಾಕೆ, ಅವರ ಅಣ್ಣನ ಮಗ. ಇಬ್ಬರ ಕೈಯಲ್ಲೂ ಉದ್ದ ಹಿಡಿಯ ಸಲಿಕೆ. ಅಕ್ಕನ ತಲೆ ಮೇಲೆ ಅಂಚಿನವರೆಗೂ ಕಸೂತಿ ಹಾಕಿದ ಟೋಪಿ, ಕಾಲಲ್ಲಿ ಟೈರಿನ ಚಪ್ಪಲಿ. ಮೇಲಿನ ಕಾಲುವೆಯಿಂದ ನೀರು ಬಂತು. ಮಂಜಿನಷ್ಟು ತಣ್ಣಗೆ, ಬೂದಿ ಬಣ್ಣ. ಮೊದಲು ಅದು ಎಲ್ಲಕ್ಕಿಂತ ಮೇಲಿನ ಹೊಲಕ್ಕೆ ನುಗ್ಗಿತು. ಹೊಲದ ಒಳಮಗ್ಗುಲಲ್ಲಿ, ಗೋಡೆಯ ಬುಡಕ್ಕೆ, ಸಣ್ಣ ಕಾಲುವೆ ಇದೆ. ಅಕ್ಕ ಅದಕ್ಕೆ ಅಲ್ಲಲ್ಲಿ ಒಂದು ಕಲ್ಲು, ಒಂದು ಹುಲ್ಲಿನ ಹೆಂಟೆ ಇಟ್ಟು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾ ಬಂದರು. ಬಲಗಾಲಿನಿಂದ ಒಂದು ಒತ್ತು, ಸಲಿಕೆಯಿಂದ ಒಂದು ಗೀರು, ಅಷ್ಟೆ. ನೀರು ನಿಧಾನಕ್ಕೆ ಮಣ್ಣಿನ ಬಣ್ಣ ಬದಲಾಯಿಸುತ್ತಾ ಹರಡಿತು. ಅಂಚಿನವರೆಗೂ ಕಪ್ಪಾದ ಮೇಲೆ ಗೋಡೆಯಲ್ಲಿ ಬಿಟ್ಟಿದ್ದ ಕಂಡಿಯ ಕಲ್ಲು ತೆಗೆದರು. ನೀರು ಕೆಳಗಿನ ಹೊಲಕ್ಕೆ ಧುಮುಕಿತು. ಧುಮುಕಿದ ಜಾಗದಲ್ಲಿ ಚಪ್ಪಡಿ ಹಾಸಿದೆ, ಇಲ್ಲದಿದ್ದರೆ ಮಣ್ಣು ಕೊರೆದು ಗೋಡೆಯ ಬುಡವೇ ಹೋಗುತ್ತದೆ. ಆ ಚಪ್ಪಡಿಯ ನಡುವೆ ತಟ್ಟೆಯಷ್ಟು ಅಗಲಕ್ಕೆ ಸವೆದು ನುಣುಪಾದ ಗುಂಡಿ ಬಿದ್ದಿತ್ತು. ಎಷ್ಟು ವರ್ಷ ನೀರು ಬಿದ್ದರೆ ಅಷ್ಟು ಸವೆಯಬೇಕು!

ಹುಡುಗ ಕೆಳಗಿನ ಹೊಲದಲ್ಲಿ ಆಗಲೇ ಕಾಯುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ಮೇಲೆ ಕಾಲುವೆಯ ದಡದಲ್ಲಿ ಒಬ್ಬ ಮನುಷ್ಯ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ. ಸಲಿಕೆ ಇಲ್ಲ, ಕೆಲಸ ಇಲ್ಲ. ಸುಮ್ನೆ ನೋಡುತ್ತಿದ್ದ. ಅವನನ್ನು ಕಂಡು ಪಕ್ಕದ ಹೊಲದವಳು ದೂರದಿಂದಲೇ ಏನೋ ಕೂಗಿದಳು. ಅವನು ಕೈಯೆತ್ತಿ, ಇರು ಅನ್ನುವ ಹಾಗೆ ಸನ್ನೆ ಮಾಡಿದ. ಅವನೇ ಯಾಕು ಅಲ್ಕಾಲ್ದೆ. ನಮ್ಮಲ್ಲಿ ಕೆರೆ ನೀರು ಹಂಚುವವನಿಗೆ ನೀರುಗಂಟಿ ಅನ್ನುತ್ತೇವಲ್ಲ, ಅವನ ಕೆಲಸವೂ ಅದೇ. ಬೇರೆ ಊರುಗಳಲ್ಲಿ ಇವರಿಗೆ ರೆಹಿದೋರ್ ಅನ್ನುತ್ತಾರೆ.

ಕಬಾನಕೊಂದೆಯಲ್ಲಿ ಈ ಕೆಲಸಕ್ಕೆ ಒಬ್ಬನಲ್ಲ, ಇಬ್ಬರು. ಇಂಕಾ ಕಾಲದಿಂದ ಬಂದ ಏರ್ಪಾಡು ಅದು. ಊರು ಎರಡು ಪಾಲು. ಹನನ್ ಸಾಯಾ ಅಂದರೆ ಮೇಲಿನ ಪಾಲು, ಉರಿನ್ ಸಾಯಾ ಅಂದರೆ ಕೆಳಗಿನ ಪಾಲು. ಹೊಲಗಳಿಗೂ ಹಾಗೇ, ಇದು ಹನನ್ ಹೊಲ, ಇದು ಉರಿನ್ ಹೊಲ ಅಂತ ಲೆಕ್ಕ. ಎರಡೂ ಪಕ್ಕಪಕ್ಕದಲ್ಲೇ ಕಲಸಿಕೊಂಡಿರಬಹುದು. ಒಬ್ಬನ ಹತ್ತಿರವೇ ಎರಡೂ ಜಾತಿಯ ಹೊಲ ಇರಬಹುದು. ಒಂದಷ್ಟು ದಿನ ನೀರು ಹನನ್ ಹೊಲಗಳಿಗೆ, ಆಮೇಲೆ ಒಂದಷ್ಟು ದಿನ ಉರಿನ್ ಹೊಲಗಳಿಗೆ. ಎರಡೂ ಕಡೆಗೆ ಬೇರೆ ಬೇರೆ ನೀರಿನ ಯಜಮಾನರು, ಅವರ ನಡುವೆ ಪೈಪೋಟಿ. ನನ್ನ ಸರದಿಯಲ್ಲಿ ನಾನು ಜಾಸ್ತಿ ಹೊಲ ನೆನೆಸಿದೆ ಅನ್ನುವುದೇ ಅವರ ಹೆಮ್ಮೆ. ಯಾಂಕೆಯಲ್ಲೂ ಎರಡು ಪಾಲಿನ ನೀರಿನ ಸಂಘಗಳು ಬೇರೆ ಬೇರೆ.

ಇದನ್ನು ಕೇಳಿ ‘ಆಹಾ, ಎಂಥ ಹಳೆಯ ಜ್ಞಾನ’ ಅಂದುಬಿಡುವುದು ಸುಲಭ. ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ಬರ ಬಂದಾಗ ಒಂದು ಸುತ್ತು ಮುಗಿಯುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆಗ ಯಜಮಾನನಿಗೆ ಒಂದು ಬಾಟಲಿ ಕೊಟ್ಟವರ ಹೊಲ ಮೊದಲು ನೆನೆಯುತ್ತದೆ ಅನ್ನುವ ದೂರು ಊರಲ್ಲೇ ಇದೆ. ಒಂಟಿ ಹೆಂಗಸರ ಸರದಿ ಹಿಂದಕ್ಕೆ ಹೋಗುತ್ತದೆ ಅಂತಲೂ ಹೇಳುತ್ತಾರೆ. ರಾತ್ರಿ ನೀರು ಕದಿಯುವುದಂತೂ ಇದ್ದದ್ದೇ. ಸರ್ಕಾರದ ಎಂಜಿನಿಯರುಗಳು ಬಂದು, ಈ ಎರಡು ಪಾಲಿನ ತಂಟೆ ಬಿಡಿ, ಒಂದು ತುದಿಯಿಂದ ಹೊಲ ಹೊಲವಾಗಿ ನೀರು ಕೊಡುತ್ತಾ ಬನ್ನಿ, ನೀರೂ ಉಳಿಯುತ್ತದೆ, ಜಗಳವೂ ಇರುವುದಿಲ್ಲ ಅಂತ ಬುದ್ಧಿ ಹೇಳಿದ್ದರು. ಊರಲ್ಲೇ ಕೆಲವರಿಗೆ ಅದು ಸರಿ ಅನ್ನಿಸಿತ್ತು. ಆದರೂ ಹಳೆಯದು ಹೋಗಲಿಲ್ಲ. ಕಾರಣ ನನಗೆ ಅನ್ನಿಸಿದ್ದು ಇಷ್ಟು. ಎಂಜಿನಿಯರಿಗೆ ನೀರು ಅಂದರೆ ಸೆಕೆಂಡಿಗೆ ಇಷ್ಟು ಲೀಟರ್. ಊರಿನವರಿಗೆ ಅದು ವಾಲ್ಕಾ ವಾಲ್ಕಾ ಕೊಟ್ಟದ್ದು.

ಕೊಟ್ಟದ್ದು ಅಂದಮೇಲೆ ತಿರುಗಿ ಕೊಡಲೂ ಬೇಕು. ನೀರಿನ ಯಜಮಾನ ತನ್ನ ಸರದಿ ಶುರುವಾಗುವ ಮೊದಲು ಬೆಟ್ಟಕ್ಕೆ ತಿಂಕಾ ಸಲ್ಲಿಸುತ್ತಾನೆ. ಕೋಕಾ ಎಲೆ, ಜೋಳ, ಯಾಮಾ ಕೊಬ್ಬು, ಚಿಚಾ ಅನ್ನುವ ಜೋಳದ ಹುಳಿ ಮದ್ಯ. ಇದನ್ನು ಬಹಳ ಸಲ ರಾತ್ರಿ, ಯಾರ ಕಣ್ಣಿಗೂ ಬೀಳದ ಹಾಗೆ ಮಾಡುತ್ತಾರೆ. ಮರುದಿನ ಅದೇ ಮನುಷ್ಯ ಚರ್ಚಿಗೂ ಹೋಗುತ್ತಾನೆ. ಕಾಲುವೆ ಹೂಳು ತೆಗೆಯುವ ದಿನ ಊರಿಗೆ ಊರೇ ಸಲಿಕೆ ಹಿಡಿದು ಹೊರಡುತ್ತದೆ. ಬರದಿದ್ದವರಿಗೆ ದಂಡ. ಹೂಳು ತೆಗೆಯುವುದು, ಕುಡಿಯುವುದು, ಕುಣಿಯುವುದು ಎಲ್ಲಾ ಒಂದೇ ದಿನ. ಯಾವುದು ಕೆಲಸ, ಯಾವುದು ಹಬ್ಬ ಅಂತ ಗೆರೆ ಎಳೆಯುವುದು ಕಷ್ಟ.

ಬೆಟ್ಟಕ್ಕೆ ಕೊಡುವುದು ಒಂದು ಕಾಲದಲ್ಲಿ ಕೋಕಾ ಎಲೆಗೆ ನಿಂತಿರಲಿಲ್ಲ. 1990ರ ದಶಕದಲ್ಲಿ ಸಬಂಕಾಯಾ ಉಗುಳುತ್ತಿದ್ದ ಬೂದಿ ಪಕ್ಕದ ಅಂಪಾತೊ ಶಿಖರದ ಮೇಲೆ ಬಿದ್ದು, ಅಲ್ಲಿನ ಹಿಮ ಕರಗಿತು. 1995ರಲ್ಲಿ ಮಾನವಶಾಸ್ತ್ರಜ್ಞ ಯೋಹಾನ್ ರೈನ್‌ಹಾರ್ಡ್ ಮತ್ತು ಅವರ ಜೊತೆ ಹತ್ತಿದ್ದ ಮಿಗೆಲ್ ಸಾರಾತೆ ಅಲ್ಲಿ ಒಬ್ಬ ಹುಡುಗಿಯ ದೇಹ ಕಂಡರು. ಹದಿಮೂರು ಹದಿನಾಲ್ಕರ ಆಸುಪಾಸಿನವಳು. 500 ವರ್ಷಕ್ಕೂ ಹಿಂದೆ ಇಂಕಾಗಳು ಬೆಟ್ಟಕ್ಕೆ ಬಲಿ ಕೊಟ್ಟವಳು. ಮಂಜಿನಲ್ಲಿ ಚರ್ಮ, ಕೂದಲು, ಬಟ್ಟೆ ಎಲ್ಲಾ ಹಾಗೇ ಉಳಿದಿದ್ದವು. ಹ್ವಾನಿತಾ ಅಂತ ಹೆಸರಿಟ್ಟರು. ಈಗ ಅರೆಕಿಪಾದ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಳಿಯಲ್ಲಿ ಇಟ್ಟಿದ್ದಾರೆ. ನಾನು ಹೋಗಿ ನೋಡಿದೆ. ನೋಡಬಾರದಿತ್ತೇನೋ ಅಂತಲೂ ಅನ್ನಿಸಿತು. ಆ ಮಾತು ಇಲ್ಲಿಗೇ ಬಿಡುತ್ತೇನೆ.

ಈ ಜನ ಯಾರು ಅನ್ನುವುದಕ್ಕೂ ಬೆಟ್ಟವೇ ಉತ್ತರ. ಕಣಿವೆಯ ಮೇಲ್ಭಾಗದವರು ಕೊಯಾಗ್ವಾ, ಕೆಳಭಾಗದವರು ಕಬಾನಾ. 1586ರಲ್ಲಿ ಹ್ವಾನ್ ದೆ ಉಯೋವಾ ಮೊಗೊಯೊನ್ ಅನ್ನುವ ಸ್ಪ್ಯಾನಿಷ್ ಅಧಿಕಾರಿ ಇವರ ಬಗ್ಗೆ ಒಂದು ವರದಿ ಬರೆದ. ಕೊಯಾಗ್ವಾಗಳು ತಮ್ಮ ಮೂಲ ಕೊಯಾಗ್ವಾತಾ ಅನ್ನುವ ಬೆಂಕಿಬೆಟ್ಟ ಅನ್ನುತ್ತಿದ್ದರಂತೆ. ಕಬಾನಾಗಳು ವಾಲ್ಕಾ ವಾಲ್ಕಾದಿಂದ ಬಂದವರು. ಕೊಯಾಗ್ವಾಗಳು ಕೂಸುಗಳ ತಲೆಗೆ ಬಿಗಿಯಾಗಿ ಕಟ್ಟಿ, ಬೆಟ್ಟದ ಹಾಗೆ ಎತ್ತರಕ್ಕೆ ಉದ್ದ ಮಾಡುತ್ತಿದ್ದರು. ಕಬಾನಾಗಳು ಅಗಲಕ್ಕೆ ಚಪ್ಪಟೆ ಮಾಡುತ್ತಿದ್ದರು. ಪೆರುವನ್ನು ಆಳುತ್ತಿದ್ದ ಸ್ಪೇನಿನ ವೈಸ್‌ರಾಯ್ ತೊಲೆದೊ ಅದನ್ನು ನಿಲ್ಲಿಸಿದ. ತಲೆ ಹೋಯಿತು, ಟೋಪಿ ಉಳಿಯಿತು. ಇವತ್ತಿಗೂ ಚಿವಾಯ್, ಯಾಂಕೆ ಕಡೆಯ ಹೆಂಗಸರದು ರಿಬ್ಬನ್ ಕಟ್ಟಿದ ಬಿಳಿ ಟೋಪಿ. ಕಬಾನಕೊಂದೆಯವರದು ಬಟ್ಟೆಯ ಮೇಲೆ ತುಂಬಾ ಕಸೂತಿ ಮಾಡಿದ ಬಣ್ಣದ ಟೋಪಿ. ಬಸ್ಸು ನಿಂತ ಕಡೆ ಯಾರು ಹತ್ತಿದರು ಅನ್ನುವುದರ ಮೇಲೇ ಊರು ಬದಲಾಯಿತು ಅಂತ ಹೇಳಬಹುದು. ಗಂಡಸರೂ ಲಂಗ ತೊಟ್ಟು ಕುಣಿಯುವ ವಿತಿತಿ ಕುಣಿತವನ್ನು 2015ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಅದೇ ತೊಲೆದೊ ಮಾಡಿದ ಇನ್ನೊಂದು ಕೆಲಸ ತಲೆ ಕಟ್ಟುವುದನ್ನು ನಿಲ್ಲಿಸಿದ್ದಕ್ಕಿಂತ ದೊಡ್ಡದು. 1570ರ ದಶಕದಲ್ಲಿ ಬೆಟ್ಟದ ಮೇಲೆ ಚದುರಿದ್ದ ಹಳ್ಳಿಗಳನ್ನೆಲ್ಲ ಖಾಲಿ ಮಾಡಿಸಿ, ಜನರನ್ನು ಚೌಕಾಕಾರದ ಹೊಸ ಊರುಗಳಿಗೆ ತಂದು ಕೂರಿಸಿದ. ತೆರಿಗೆ ವಸೂಲಿಗೂ ಸುಲಭ, ಪಾದ್ರಿಗೂ ಸುಲಭ. ಇವತ್ತು ನೋಡುವ ಊರುಗಳೆಲ್ಲ ಹೀಗೆ ಹುಟ್ಟಿದವು. ಜೊತೆಗೆ ಯುರೋಪಿನಿಂದ ಬಂದ ಸಿಡುಬು, ದಡಾರ ಜನರನ್ನು ಗುಡಿಸಿಹಾಕಿದವು. ಹೊಲ ದೂರವಾಯಿತು, ಮಾಡುವ ಕೈಗಳು ಕಡಿಮೆಯಾದವು. ಮೇಲಿನ ಮೆಟ್ಟಿಲುಗಳು ಬೀಳುಬಿದ್ದವು.

1931ರಲ್ಲಿ ರಾಬರ್ಟ್ ಶಿಪ್ಪಿ ಮತ್ತು ಜಾರ್ಜ್ ಜಾನ್ಸನ್ ಅನ್ನುವ ಇಬ್ಬರು ಅಮೆರಿಕನ್ನರು ವಿಮಾನದಲ್ಲಿ ಬಂದು ಮೇಲಿನಿಂದ ಈ ಕಣಿವೆಯ ಫೋಟೊ ತೆಗೆದರು. ‘ಮರೆತುಹೋದ ಕಣಿವೆ’ ಅಂತ ಪ್ರಚಾರವಾಯಿತು. ಕೆಳಗೆ ಜೋಳ ಬೆಳೆಯುತ್ತಿದ್ದವರಿಗೆ ತಾವು ಮರೆತುಹೋಗಿದ್ದೇವೆ ಅಂತ ಗೊತ್ತೇ ಇರಲಿಲ್ಲ ಪಾಪ. ಆ ಫೋಟೊಗಳಿಂದ ಒಂದು ಉಪಕಾರ ಆಯಿತು. ಎಷ್ಟು ಹೊಲ ಬೀಳುಬಿದ್ದಿವೆ ಅನ್ನುವುದು ಕಣ್ಣಿಗೆ ಕಂಡಿತು. 1980ರ ದಶಕದಲ್ಲಿ ಭೂಗೋಳದ ವಿದ್ವಾಂಸ ವಿಲಿಯಂ ಡೆನೆವನ್ ತಂಡ ಕೊಪೊರಾಕೆ ಸುತ್ತ ಇದನ್ನೇ ಅಭ್ಯಾಸ ಮಾಡಿತು. ಕಣಿವೆಯ ಮೆಟ್ಟಿಲು ಹೊಲಗಳಲ್ಲಿ ಶೇ 60ರ ಆಸುಪಾಸು ಬಿಟ್ಟವೇ ಅನ್ನುವುದು ಅವರ ಲೆಕ್ಕ. ಬಿಟ್ಟ ಹೊಲಗಳನ್ನು ಹತ್ತಿರ ಹೋಗಿ ನೋಡಿದೆ. ಗೋಡೆಗಳು ಬಹಳಷ್ಟು ಕಡೆ ಗಟ್ಟಿಯಾಗಿಯೇ ಇವೆ. ಮಣ್ಣೂ ಇದೆ. ಪಾಪಾಸುಕಳ್ಳಿ, ಒಣ ಹುಲ್ಲು ಬೆಳೆದಿವೆ. ಇಲ್ಲದ್ದು ನೀರು. ನೀರಿಲ್ಲದ್ದಕ್ಕೆ ಬರೀ ಹವಾಮಾನ ಕಾರಣ ಅಲ್ಲ. ಮೇಲಿನ ಕಾಲುವೆಯನ್ನು ವರ್ಷ ವರ್ಷ ಹೂಳೆತ್ತಿ, ಒಡೆದಲ್ಲಿ ಕಟ್ಟಿ, ಸರದಿ ಇಟ್ಟು ನಡೆಸುವ ಗುಂಪು ಚದುರಿತು, ನೀರೂ ನಿಂತಿತು. ಇಂಕಾಗಳ ಕಲ್ಲುಕೆಲಸವನ್ನು ಹೊಗಳುವ ಬೋರ್ಡುಗಳು ದಾರಿಯುದ್ದಕ್ಕೂ ಇವೆ. ಸರದಿಯ ಬಗ್ಗೆ ಒಂದು ಬೋರ್ಡೂ ಇಲ್ಲ. ನನ್ನ ಕೇಳಿದರೆ ಈ ಕಣಿವೆಯ ದೊಡ್ಡ ಕಟ್ಟಡ ಅದೇ.

ಇದು ಸರಿಯಾಗಿ ಅರ್ಥವಾಗುವುದು ಮಾಹೆಸ್ ಕಥೆ ಕೇಳಿದಾಗ.

ಕಾಯ್ಯೋಮಾ ಪ್ರಾಂತದ ಇನ್ನೊಂದು ತುದಿ, ಕಣಿವೆಯಿಂದ ಎಷ್ಟೋ ಕೆಳಗೆ, ಮಾಹೆಸ್ ಬಯಲು. ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್. ಹಸಿರಿಲ್ಲದ ಬರೀ ಮರಳುಗಾಡು. ಕೋಲ್ಕಾ ನೀರನ್ನು ಅಲ್ಲಿಗೆ ಒಯ್ದರೆ 60,000 ಹೆಕ್ಟೇರ್ ಬೆಳೆಯಬಹುದು ಅಂತ ಸರ್ಕಾರ ಯೋಚಿಸಿತು. 1970ರ ದಶಕದಲ್ಲಿ ಕೆಲಸ ಶುರುವಾಯಿತು. ಹಲವು ದೇಶಗಳ ಕಂಪನಿಗಳು ಬಂದವು. ಮೇಲೆ ಕೊಂದೊರೊಮಾದಲ್ಲಿ ಅಣೆಕಟ್ಟು, ಸುಮಾರು 28 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 10 ಟಿಎಂಸಿ. ತುತಿ ಅನ್ನುವ ಊರಿನ ಹತ್ತಿರ ನದಿಯನ್ನು ತಿರುಗಿಸಿ, ಎಡದಡದ ಬೆಟ್ಟದೊಳಗೆ ಸುಮಾರು 100 ಕಿಲೋಮೀಟರ್ ಸುರಂಗ ಮತ್ತು ಕಾಲುವೆ. ಅದರಲ್ಲಿ ಜಾಸ್ತಿ ಪಾಲು ಸುರಂಗವೇ. ಕಣಿವೆಗೆ ಸರಿಯಾದ ರಸ್ತೆ ಬಂದದ್ದೂ ಈ ಕೆಲಸದ ಲಾರಿಗಳಿಗೋಸ್ಕರವೇ. ಇವತ್ತು ಕಾಂಡೋರ್ ನೋಡುವವರು ಹೋಗುವ ರಸ್ತೆಯೂ ಅದೇ.

ಕಾಲುವೆ ಯಾಂಕೆ, ಅಚೋಮಾ, ಮಾಕಾ, ಕಬಾನಕೊಂದೆಗಳ ತಲೆಯ ಮೇಲೇ ಹಾದುಹೋಯಿತು. ಆ ಊರುಗಳಿಗೆ ಒಂದು ಹನಿ ಇಲ್ಲ. ಅವರ ನದಿ, ಅವರ ಬೆಟ್ಟ, ಕಾಲುವೆ ಅವರ ಹೊಲದ ಮೇಲ್ಗಡೆ. ನೀರು ಮಾತ್ರ ಮರಳುಗಾಡಿಗೆ. ಕೇಳಿ ಕೇಳಿ ಸಾಕಾಯಿತು. ಅಷ್ಟರಲ್ಲಿ 1983ರ ಬರ ಬಂತು. ಪೆರುವಿನ ದಕ್ಷಿಣದ ಎತ್ತರದ ಸೀಮೆಯೆಲ್ಲ ಒಣಗಿಹೋದ ವರ್ಷ ಅದು. ಕಬಾನಕೊಂದೆಯ ಹನ್ನೊಂದು ಜನ ಮೇಲೆ ಹೋಗಿ ಕಾಲುವೆಗೆ ತೂತು ಮಾಡಿದರು. ನೀರು ಊರಿನ ಹೊಲಗಳಿಗೆ ಇಳಿಯಿತು. ಪೊಲೀಸರು ಬಂದರು. ಊರು ಆ ಹನ್ನೊಂದು ಜನರನ್ನು ಬಿಟ್ಟುಕೊಡಲಿಲ್ಲ, ಅವರ ಬೆನ್ನಿಗೆ ನಿಂತಿತು. ಕೊನೆಗೆ ಸರ್ಕಾರವೇ ಬಗ್ಗಿತು. ಕಾಲುವೆಯಿಂದ ಕಬಾನಕೊಂದೆಗೆ ನೀರು ಬಿಡುವುದಕ್ಕೆ ಒಪ್ಪಿತು. ಆಮೇಲೆ ಎಡದಡದ ಉಳಿದ ಊರುಗಳೂ ತಮ್ಮ ಪಾಲು ಪಡೆದವು. ಆ ಹನ್ನೊಂದು ಜನ ಊರಿನ ಬಾಯಲ್ಲಿ ಇವತ್ತಿಗೂ ವೀರರೇ.

ಮನೆಯಾಕೆಯನ್ನು ಕೇಳಿದೆ, “ಸೆಞೊರಾ, ಆಗ ನೀವು ಊರಲ್ಲೇ ಇದ್ರಾ?”

“ಇದ್ದೆ. ಮದುವೆ ಆಗಿರಲಿಲ್ಲ. ಅಪ್ಪ ಅವತ್ತು ಮನೆಗೆ ಬರಲೇ ಇಲ್ಲ, ಹೊಲದಲ್ಲೇ ನೀರು ಕಟ್ತಾ ಕೂತಿದ್ರು.”

“ಭಯ ಆಗಲಿಲ್ವಾ?”

“ಪೊಲೀಸರದ್ದಾ? ಜೋಳ ಒಣಗೋದಕ್ಕಿಂತ ಅದೇನು ದೊಡ್ಡದು ಬಿಡಿ.”

ಹೊಸ ನೀರಿನಿಂದ ಬಿಟ್ಟಿದ್ದ ಹೊಲಗಳಲ್ಲಿ ಒಂದಷ್ಟು ಮತ್ತೆ ಹಸಿರಾದವು. ಆದರೆ ಈ ನೀರು ಯಾರದ್ದು ಅನ್ನುವ ತಂಟೆ ಹೊಸದಾಗಿ ಹುಟ್ಟಿತು. ಇದು ವಾಲ್ಕಾ ವಾಲ್ಕಾದಿಂದ ಬಂದ ನೀರಲ್ಲ, ಸರ್ಕಾರದ ಸುರಂಗದಿಂದ ಬಂದದ್ದು. ಇದಕ್ಕೆ ಶುಲ್ಕ ಇದೆ, ರಸೀದಿ ಇದೆ, ಕಚೇರಿ ಇದೆ. ಹಾಗಾದರೆ ಹನನ್ ಮೊದಲಾ, ಉರಿನ್ ಮೊದಲಾ? ತಿಂಕಾ ಸಲ್ಲಿಸಬೇಕಾ, ಬೇಡವಾ? ಪೆರುವಿನಲ್ಲಿ ನೀರೆಲ್ಲ ದೇಶದ ಸ್ವತ್ತು ಅಂತ 1969ರ ಕಾನೂನೇ ಹೇಳಿತ್ತು, 2009ರ ಕಾನೂನೂ ಅದನ್ನೇ ಹೇಳುತ್ತದೆ. ಮನೆಯಾಕೆ ಶುಲ್ಕವನ್ನೂ ಕಟ್ಟುತ್ತಾರೆ, ಬೆಟ್ಟಕ್ಕೆ ಚಿಚಾವನ್ನೂ ಚೆಲ್ಲುತ್ತಾರೆ. ಎರಡರಲ್ಲಿ ಯಾವುದನ್ನು ಬಿಡುವುದಕ್ಕೂ ಧೈರ್ಯ ಸಾಲದು ಅಂತ ನಗುತ್ತಾರೆ. ವಾಲ್ಕಾ ವಾಲ್ಕಾದ ಹಿಮವಂತೂ ಅವರ ಕಣ್ಣೆದುರೇ ಕಡಿಮೆಯಾಗಿದೆ. ಸಬಂಕಾಯಾ 2016ರಿಂದ ಮತ್ತೆ ಬೂದಿ ಉಗುಳುತ್ತಿದೆ. ಅದೇ ವರ್ಷ ಆಗಸ್ಟಿನಲ್ಲಿ ಭೂಕಂಪ ಆಗಿ ಇಚುಪಂಪಾದ ಮನೆಗಳು ನೆಲಕ್ಕೆ ಬಿದ್ದವು. ಮಾಕಾದಲ್ಲಿ ನೆಲವೇ ನದಿಯ ಕಡೆಗೆ ಜಾರುತ್ತಿದೆ. ಇಂಥ ಜಾಗದಲ್ಲಿ ಕಾಲುವೆ ಒಡೆಯುವುದು ಅಪರೂಪದ ಸುದ್ದಿಯೇ ಅಲ್ಲ.

ಕೆಳಗಿನ ಮಾಹೆಸ್ ಬಯಲು ಈಗ ಬೇರೆಯೇ ಲೋಕ. 60,000ದ ಕನಸಿನಲ್ಲಿ ಸುಮಾರು 16,000 ಹೆಕ್ಟೇರ್ ಹಸಿರಾಗಿದೆ. ಒಬ್ಬೊಬ್ಬರಿಗೆ 5 ಹೆಕ್ಟೇರ್ ಕೊಟ್ಟರು. ದನದ ಮೇವಿಗೆ ಕುದುರೆ ಮಸಾಲೆ ಸೊಪ್ಪು, ಹಸು, ಈರುಳ್ಳಿ, ಆಲೂಗಡ್ಡೆ, ದ್ರಾಕ್ಷಿ, ಬಣ್ಣದ ಮೆಣಸಿನಕಾಯಿ. ತುಂತುರು ನೀರಾವರಿ, ಹನಿ ನೀರಾವರಿ. ನಡುವೆ ಎಲ್ ಪೆದ್ರೆಗಾಲ್ ಅನ್ನುವ ಪಟ್ಟಣ. ಮೊನ್ನೆ ಮೊನ್ನೆ ಎದ್ದು ನಿಂತದ್ದು, ಆದರೂ ಈಗ ಇಡೀ ಪ್ರಾಂತದಲ್ಲಿ ಜಾಸ್ತಿ ಜನ ಇರುವುದು ಅಲ್ಲೇ. ಆಡಳಿತದ ಲೆಕ್ಕದಲ್ಲಿ ಮಾಹೆಸ್ ಕಾಯ್ಯೋಮಾದ ಒಂದು ಜಿಲ್ಲೆ. ಚಿವಾಯ್‌ನ ಚೌಕದಲ್ಲಿ ನಿಂತರೆ ಅದು ನಂಬುವುದಕ್ಕೂ ಆಗುವುದಿಲ್ಲ. ಕಣಿವೆಯ ಯುವಕರು ಅಲ್ಲಿಗೆ ಕೂಲಿಗೆ ಹೋಗುತ್ತಾರೆ. ಕೆಲವರು ಜಮೀನು ಗುತ್ತಿಗೆಗೆ ಹಿಡಿದಿದ್ದಾರೆ. ಕಣಿವೆಯ ನೀರು ಮೊದಲು ಹೋಯಿತು, ಅದರ ಹಿಂದೆ ಮಕ್ಕಳೂ ಹೋದರು.

ಅಷ್ಟಕ್ಕೇ ನಿಂತಿಲ್ಲ. ಕಬಾನಕೊಂದೆಯವರು ಅರೆಕಿಪಾ, ಲಿಮಾ ದಾಟಿ ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ, ಮೇರಿಲ್ಯಾಂಡ್‌ನಲ್ಲಿ ನೂರಾರು ಜನ ಇದ್ದಾರೆ. ಜುಲೈನಲ್ಲಿ ಊರಮ್ಮ ವಿರ್ಹೆನ್ ದೆಲ್ ಕಾರ್ಮೆನ್ ಜಾತ್ರೆಗೆ ಬರುತ್ತಾರೆ. ಬ್ಯಾಂಡು, ಗೂಳಿ ಕಾಳಗ, ಊಟ ಎಲ್ಲದರ ಖರ್ಚು ಡಾಲರಿನಲ್ಲಿ. ಚೌಕದ ಸುತ್ತ ಸಿಮೆಂಟಿನ ಎರಡಂತಸ್ತಿನ ಮನೆಗಳು ಎದ್ದಿವೆ, ಬಹಳಷ್ಟು ಬೀಗ ಹಾಕಿವೆ. ಅವರ ಹೊಲಗಳನ್ನು ಉಳಿದ ನೆಂಟರು ಪಾಲಿಗೆ ಮಾಡುತ್ತಾರೆ. ಆಳು ಸಿಗುವುದಿಲ್ಲ ಅಂತ ಜೋಳ ಬಿಟ್ಟು ಕುದುರೆ ಮಸಾಲೆ ಹಾಕುವವರು ಜಾಸ್ತಿ. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಕೊಯ್ಯಬಹುದು. ಹಸು ಮೇಯುತ್ತದೆ, ಹಾಲು ಮಾರಬಹುದು. ಆದರೆ ಅದಕ್ಕೆ ವರ್ಷವಿಡೀ ನೀರು ಬೇಕು. ಸರದಿಯ ಲೆಕ್ಕ ಕೂತಿರುವುದು ಜೋಳದ ಮೇಲೆ. ಹೀಗೆ ಹೊಸ ಬೆಳೆ ಹಳೆಯ ಸರದಿಯನ್ನು ಒಳಗಿನಿಂದಲೇ ಸಡಿಲ ಮಾಡುತ್ತಿದೆ. ಇದನ್ನು ನನಗೆ ಹೇಳಿದವನು ಅವತ್ತು ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ ಯಾಕು ಅಲ್ಕಾಲ್ದೆಯೇ. ಆ ವರ್ಷದ ಕೆಲಸಕ್ಕೆ ಯಾರೂ ಮುಂದೆ ಬರದೆ ಊರಿನವರು ತನ್ನನ್ನು ಹಿಡಿದು ಕೂರಿಸಿದರು ಅಂತಲೂ ಹೇಳಿದ. ರಾತ್ರಿ ನಿದ್ದೆ ಇಲ್ಲ, ಎಲ್ಲರ ಬೈಗುಳ, ತಿಂಕಾದ ಖರ್ಚು ಕೈಯಿಂದ. ಯಾರು ತಾನೇ ಬರುತ್ತಾರೆ?

ಸರ್ಕಾರ ಮಾತ್ರ ಇನ್ನೂ ದೊಡ್ಡದನ್ನೇ ಯೋಚಿಸುತ್ತಿದೆ. ಮಾಹೆಸ್ ಎರಡನೇ ಹಂತ. ಇನ್ನೂ 38,500 ಹೆಕ್ಟೇರ್. ಕೋಲ್ಕಾ ನೀರು ಅದಕ್ಕೆ ಸಾಲುವುದಿಲ್ಲ. ಹಾಗಾಗಿ ಬೆಟ್ಟದಾಚೆ, ಅಪುರಿಮಾಕ್‌ನ ಮೇಲ್ಭಾಗದಲ್ಲಿ ಅಂಗೊಸ್ತುರಾ ಅನ್ನುವಲ್ಲಿ ಅಣೆಕಟ್ಟು ಕಟ್ಟಿ, ಅಮೆಜಾನಿಗೆ ಹೋಗುವ ನೀರನ್ನು ಸುರಂಗದಲ್ಲಿ ಕೋಲ್ಕಾಕ್ಕೆ ತಿರುಗಿಸಬೇಕು. ಆ ನೀರು ಈಗ ಹರಿಯುವುದು ಕುಸ್ಕೊ ಪ್ರದೇಶದ ಎಸ್ಪಿನಾರ್ ಕಡೆಗೆ. 2010ರಲ್ಲಿ ಎಸ್ಪಿನಾರ್ ಜನ ರಸ್ತೆಗಿಳಿದರು. ನಮ್ಮ ನೀರು ಒಯ್ದರೆ ನಮಗೇನು ಉಳಿಯುತ್ತದೆ ಅಂತ ಕೇಳಿದರು. ಗುತ್ತಿಗೆ ಆಯಿತು, ಕೋರ್ಟಾಯಿತು, ಕೆಲಸ ವರ್ಷಗಳಿಂದ ಎಳೆದಾಡುತ್ತಲೇ ಇದೆ. ಹೊಸ ಜಮೀನನ್ನು 5 ಹೆಕ್ಟೇರಿನ ಲೆಕ್ಕದಲ್ಲಿ ಹಂಚದೆ, ನೂರಾರು ಹೆಕ್ಟೇರಿನ ತುಂಡು ಮಾಡಿ ಹರಾಜು ಹಾಕುವ ಯೋಜನೆ ಬಂದಾಗ ಸಣ್ಣ ರೈತರೂ ಸಿಟ್ಟಾದರು.

ಹೊರಡುವ ಹಿಂದಿನ ರಾತ್ರಿ ಸೂಪು ಕುಡಿಯುತ್ತಾ ಎಸ್ಪಿನಾರ್ ಬಗ್ಗೆ ಮನೆಯಾಕೆಯ ಅಭಿಪ್ರಾಯ ಕೇಳಿದೆ. “ಅವರು ಕೇಳೋದು ನ್ಯಾಯ. ನಾವೂ ಅದನ್ನೇ ಕೇಳಿದ್ವಿ ಅಲ್ವಾ?” ಅಂದರು. ಆಮೇಲೆ ಅಣ್ಣನ ಮಗನ ಕಡೆ ನೋಡಿ, ಎರಡನೇ ಹಂತ ಬಂದರೆ ಅಲ್ಲಿ ಇವನಿಗೂ ಒಂದು ತುಂಡು ಭೂಮಿ ಸಿಗುತ್ತದಾ ಅಂತ ನನ್ನನ್ನೇ ಕೇಳಿದರು. ಹರಾಜಿನ ವಿಷಯ ಹೇಳಿದೆ. “ಹಾಗಾದ್ರೆ ಬರೋದೇ ಬೇಡ” ಅಂದು ತಟ್ಟೆ ಎತ್ತಿಕೊಂಡರು. ಹುಡುಗ ಮಾತ್ರ, ಹರಾಜಿಗೆ ಎಷ್ಟು ಹಣ ಕಟ್ಟಬೇಕಂತೆ, ನಾಲ್ಕು ಜನ ಸೇರಿ ಹಿಡಿಯಬಹುದಾ ಅಂತ ಇನ್ನೂ ವಿಚಾರಿಸುತ್ತಲೇ ಇದ್ದ.